ಅಮೆರಿಕಾದಾಕಿಯ ಕುರ್ಚಿ

ಸದಾ ಮೋಡ-ಮಳೆಯ ಇಂಗ್ಲಿಷ್ ಊರು ಕೆಂಟನ್ನಿನ ನಮ್ಮ ಪಕ್ಕದ ಮನೆಗೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದ ಅಮೆರಿಕನ್ ಹೆಂಗಸು ಅದಕ್ಕೆ ಮೊದಲು ಬಹಳ ವರ್ಷ ಸ್ಪೇನಿನ ಕಡಲತೀರದಲ್ಲಿದ್ದವರು. ಅಮೆರಿಕದ ಸುದ್ದಿ ಅವರ ಬಾಯಲ್ಲಿ ಬಂದದ್ದೇ ಇಲ್ಲ. ಏಪ್ರಿಲ್ ಬಂತೆಂದರೆ ಆಕಾಶದತ್ತ ತಲೆಯೂ ಎತ್ತದೆ ಹಿತ್ತಲಿನಲ್ಲಿ ಬೀಚ್ ಕುರ್ಚಿ ಬಿಡಿಸಿ, ಕೋಟು ಹಾಕಿಕೊಂಡೇ ಕೂರುತ್ತಿದ್ದರು. "ನಮ್ಮ ಬೀಚಿನಲ್ಲಿ ಸೀಸನ್ ಶುರುವಾಯಿತು" ಎನ್ನುವರು. ಅಕ್ಟೋಬರಿನಲ್ಲಿ ಗಡಗಡ ನಡುಗುತ್ತ, "ಪ್ರವಾಸಿಗರು ಹೋದರು, ನಮ್ಮ ಬೀಚು ಈಗ ನಮ್ಮದು" ಎನ್ನುವರು.

ಅವರನ್ನು ನಂಬಿದವಳು ಧಾರವಾಡದಿಂದ ಬಂದು ನಮ್ಮೊಡನಿದ್ದ ನನ್ನ ಅವ್ವ ಒಬ್ಬಳೇ. ಒಂದು ಬೆಳಿಗ್ಗೆ ಬೇಲಿಯಾಚೆ ಕುರ್ಚಿ ಕಂಡದ್ದೇ ತಡ, "ಅಮೆರಿಕಾದಾಕಿ ಕುರ್ಚಿ ಹಾಕ್ಯಾಳ, ಇವತ್ತ ಬಿಸಲ ಬೀಳೂದು ಖರೆ" ಎಂದು ಹಳೆ ಸೀರೆ ಹಾಸಿ ಸಂಡಿಗೆ ಹಾಕಿದಳು. ಮಧ್ಯಾಹ್ನ ಧೋ ಎಂದು ಮಳೆ. ಅವ್ವ ಹೊರಗೆ ಬರುವಷ್ಟರಲ್ಲಿ ಆ ಹೆಂಗಸು ಬೀಚಿನ ದೊಡ್ಡ ಛತ್ರಿ ಹೊತ್ತು ಓಡಿ ಬಂದು, ತಾವು ತೊಯ್ದು ತೊಪ್ಪೆಯಾಗಿ, ಸಂಡಿಗೆಗೆ ಛತ್ರಿ ಹಿಡಿದು ನಿಂತಿದ್ದರು. ಅರ್ಧ ಉಳಿಯಿತು. ಅವ್ವ ಅದನ್ನು ಕರಿದು ಕೊಟ್ಟಳು. ಮುಂದೆ ಸಂಡಿಗೆ ಹಾಕುವುದನ್ನೂ ಕಲಿಸಿದಳು.

ಮೊಮ್ಮಕ್ಕಳು ದೊಡ್ಡವರಾದ ಮೇಲೆ ಅವರು ಸ್ಪೇನಿಗೆ ಮರಳಿದರು, ಅವ್ವನ ಒಂದು ಸೀರೆಯನ್ನೂ ಒಯ್ದರು. ಮೊನ್ನೆ ಫೋಟೊ ಕಳಿಸಿದ್ದಾರೆ. ಹಿಂದೆ ಸಮುದ್ರ, ಮೋಡವಿಲ್ಲದ ಆಕಾಶ, ಸುಡುಬಿಸಿಲು. ಬಾಲ್ಕನಿಯಲ್ಲಿ ಅದೇ ಸೀರೆ, ಸೀರೆಯ ಮೇಲೆ ಸಂಡಿಗೆ, ಸಂಡಿಗೆಯ ಮೇಲೆ ಅಗಲವಾಗಿ ಬಿಡಿಸಿದ ಛತ್ರಿ.

ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯ ಶಿವನ, ಅಲ್ಲಿ ಕುಂತು ಕೆಂಟನ್ ಮಳೀಗೆ ಅಂಜತಾಳಲ್ಲ!"