ಬದರೀನಾರಾಯಣ ಮೇಷ್ಟ್ರು ಮತ್ತು ಮಗಳ ಎತ್ತರದ ಗಾಡಿ

ಚಾಮರಾಜಪೇಟೆಯಲ್ಲಿ ಇಪ್ಪತ್ತು ವರ್ಷ ಮೆಕ್ಯಾನಿಕ್ ಅಂಗಡಿ ನಡೆಸಿದ್ದೇನೆ. ಸಲಹೆ ಕೊಡುವವರನ್ನು ಸಾಕು ಸಾಕೆನ್ನುವಷ್ಟು ಕಂಡಿದ್ದೇನೆ. ಆದರೆ ತ್ಯಾಗರಾಜನಗರದ ಬದರೀನಾರಾಯಣ ಮೇಷ್ಟ್ರಂಥವರನ್ನು ಇನ್ನೊಬ್ಬರನ್ನು ಕಾಣೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರು. ಹುಟ್ಟಿದಾಗಿನಿಂದ ಸೈಕಲ್ ಬಿಟ್ಟು ಬೇರೇನನ್ನೂ ಓಡಿಸಿದವರಲ್ಲ, ಅದನ್ನೂ ಇಳಿಜಾರು ಬಂದರೆ ಇಳಿದು ತಳ್ಳುತ್ತಿದ್ದರು. ಅಂಥವರು ನನ್ನ ಅಂಗಡಿ ಮುಂದೆ ನಿಂತು, ಕ್ಲಚ್ ಕೇಬಲ್ ಹೇಗೆ ಬಿಗಿಯಬೇಕು ಎಂದು ಈ ಕಾಳಪ್ಪನಿಗೆ ಹೇಳಿಕೊಡುತ್ತಿದ್ದರು. ನನ್ನ ಕರ್ಮ.

ಮನುಷ್ಯ ಕೆಟ್ಟವರಲ್ಲ, ಹೆದರಿಕೆಯವರು. ಅವರ ಹೆಂಡತಿ ತುಳಸಮ್ಮ ಒಮ್ಮೆ ಹೇಳಿದ್ದರು: "ನಮ್ಮನೆಯವ್ರು ಬಸ್ಸಲ್ಲಿ ಕೂತ್ರೆ ಡ್ರೈವರ್‌ಗಿಂತ ಜಾಸ್ತಿ ಬ್ರೇಕು ಇವ್ರೇ ಹಾಕ್ತಾರೆ ಕಾಳಪ್ಪ. ಇಳಿಯೋ ಹೊತ್ತಿಗೆ ಕಾಲು ನೋವು."

ಇಂಥವರ ಮಗಳು ಚೈತನ್ಯಾ ದನಗಳ ಡಾಕ್ಟರಾದಳು. 2003ರಲ್ಲಿ ಮಾಗಡಿಯ ಆಚೆ ಕೆಲಸ ಸಿಕ್ಕಿತು. ಹನ್ನೊಂದು ಹಳ್ಳಿ, ಅರ್ಧಕ್ಕೆ ಬಸ್ಸೇ ಇಲ್ಲ. ಸ್ವಂತ ಗಾಡಿ ಇದ್ದರೆ ಮಾತ್ರ ಕೆಲಸ ಅಂದಿದ್ದರಂತೆ. ಕಲ್ಲುಮಣ್ಣಿನ ದಾರಿಗೆಂದೇ ಮಾಡಿದ, ಎತ್ತರದ ಸಣ್ಣ ಮೋಟಾರ್ ಸೈಕಲ್ಲೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ನಾನೇ ಹುಡುಕಿ ಕೊಡಿಸಿದೆ. ಮೇಷ್ಟ್ರು ಅದರ ಸುತ್ತ ಮೂರು ಸಲ ಸುತ್ತಿ ಬಂದು ಷರತ್ತು ಹಾಕಿದರು. ಕೆಲಸಕ್ಕೆ ಸೇರುವ ಸೋಮವಾರದೊಳಗೆ ಮಗಳು ಒಂದೇ ಒಂದು ಸಲ ಬಿದ್ದರೂ ಗಾಡಿ ಮಾರಬೇಕು, ಕೆಲಸದ ಆಸೆಯನ್ನೂ ಬಿಡಬೇಕು. ಹುಡುಗಿ ಒಪ್ಪಿದಳು, ಒಪ್ಪದೆ ಬೇರೆ ದಾರಿ ಇರಲಿಲ್ಲ.

ನಾನು ಅವಳಿಗೆ ಹೇಳಿದ್ದು ಸ್ವಲ್ಪವೇ. "ನೋಡಮ್ಮ, ಸೀಟು ಎತ್ತರ ಅಂತ ಹೆದರ್ಬೇಡ, ಒಂದು ಕಾಲು ನೆಲಕ್ಕೆ ಸಿಕ್ಕಿದ್ರೆ ಸಾಕು. ಮಣ್ಣಲ್ಲಿ ಮುಂದಿನ ಬ್ರೇಕು ಗಬಕ್ಕಂತ ಹಿಡೀಬೇಡ. ಬಿದ್ರೆ ಎತ್ತೋದು ಕಲಿ, ಹಳ್ಳೀಲಿ ನಿನಗೆ ಯಾರು ಎತ್ಕೊಡ್ತಾರೆ." ಅವಳು ಗಾಡಿಯನ್ನು ನೆಲಕ್ಕೆ ಒರಗಿಸಿ, ಬೆನ್ನು ಕೊಟ್ಟು ಎತ್ತುವುದನ್ನು ನನ್ನ ಅಂಗಡಿಯ ಮುಂದೆ ಹತ್ತು ಸಲ ಮಾಡಿದಳು.

ಆದರೆ ಮೇಷ್ಟ್ರು ದಿನಾ ಸಂಜೆ ಬರುತ್ತಿದ್ದರು. ಹಿಂದೆ ಸೀರೆ ಗಾರ್ಡ್ ಹಾಕು ಅಂದರು. ಜೀನ್ಸ್ ತೊಡುವ ಹುಡುಗಿಗೆ ಸೀರೆ ಗಾರ್ಡ್ ಯಾಕೆಂದು ಕೇಳಿದರೆ, "ಮುಂದೆ ಉಟ್ರೆ?" ಅಂದರು. ಎರಡು ಹಾರ್ನ್ ಹಾಕು, ಒಂದು ಕೆಟ್ಟರೆ ಇನ್ನೊಂದಿರಲಿ ಅಂದರು. ಅತಿ ಭಾರವಾದರೆ ಮಗಳಿಗೆ ಎತ್ತಲಾಗದು ಎಂದು ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೊನೆಗೆ ತಲೆ ಚಿಟ್ಟು ಹಿಡಿದು, ಅವರ ಬಾಯಿ ಮುಚ್ಚಿದರೆ ಸಾಕೆಂದು ಒಂದು ಮಾತು ಆಡಿಬಿಟ್ಟೆ: "ಮೇಷ್ಟ್ರೇ, ನೀವು ಟೈರ್ ಒಂದು ಚೆನ್ನಾಗಿ ನೋಡ್ಕೊಳ್ಳಿ. ಮಿಕ್ಕಿದ್ದು ಗಾಡಿ ನೋಡ್ಕೊಳ್ಳತ್ತೆ."

ಆಯುಧಪೂಜೆ ಶನಿವಾರ ಬಂತು. ನನ್ನ ಅಂಗಡಿಯ ಪೂಜೆ ಮುಗಿಸಿ ಅವರ ಮನೆಗೆ ಹೋದಾಗ ಗಾಡಿ ಗೇಟಿನ ಹೊರಗೆ ಮದುವಣಗಿತ್ತಿಯ ಹಾಗೆ ನಿಂತಿತ್ತು. ಹೆಡ್‌ಲೈಟಿಗೆ ಸೇವಂತಿಗೆ ಹಾರ, ಟ್ಯಾಂಕಿನ ಮೇಲೆ ವಿಭೂತಿ ಪಟ್ಟೆ, ಚಕ್ರದ ಕೆಳಗೆ ನಿಂಬೆಹಣ್ಣು. ಟೈರುಗಳಂತೂ ಕರ್ರಗೆ ಮಿರಮಿರ ಮಿಂಚುತ್ತಿದ್ದವು. ತೊಳೆದಿದ್ದಾರೆ, ಇನ್ನೂ ಆರಿಲ್ಲ ಅಂದುಕೊಂಡೆ. ಬಗ್ಗಿ ಮುಟ್ಟಿ ನೋಡಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ತುಳಸಮ್ಮ ಆರತಿ ಎತ್ತಿದರು. ಚೈತನ್ಯಾ ನಿಂಬೆಹಣ್ಣು ತುಳಿಸಿ ಹೊರಟಳು. ಬೀದಿಯ ಕೊನೆಯವರೆಗೆ ನೆಟ್ಟಗೆ ಹೋದಳು, ಮೂಲೆಯಲ್ಲಿ ತಿರುಗಿಸಿದಳು, ಹಿಂದಿನ ಚಕ್ರ ಸರ್ರನೆ ಜಾರಿತು. ಗಾಡಿ ಬಿತ್ತು, ಅವಳೂ ಬಿದ್ದಳು.

ಮೇಷ್ಟ್ರು ಪಂಚೆ ಎತ್ತಿಕೊಂಡು ಓಡಿದರು. ನಾನು ಅವರಿಗಿಂತ ಮುಂಚೆ ತಲುಪಿದೆ. ಹುಡುಗಿ ಆಗಲೇ ಎದ್ದು, ಬೆನ್ನು ಕೊಟ್ಟು ಗಾಡಿ ಎತ್ತಿ ನಿಲ್ಲಿಸಿದ್ದಳು. ಮೊಣಕಾಲು ತರಚಿತ್ತು. ಆಗ ನನ್ನ ಮೂಗಿಗೆ ವಾಸನೆ ಬಡಿಯಿತು, ಕೊಬ್ಬರಿ ಎಣ್ಣೆ. ಟೈರಿಗೆ ಎಣ್ಣೆ ಹಚ್ಚಿದ್ದರು, ಎರಡಕ್ಕೂ, ನೆಲ ಹಿಡಿಯುವ ಗಂಟುಗಳ ಸಂದಿ ಸಂದಿಗೂ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು ಮೇಷ್ಟ್ರು.

ನಾನು ಬಾಯಿ ತೆರೆಯುವಷ್ಟರಲ್ಲಿ ಚೈತನ್ಯಾ ಮೆಲ್ಲಗೆ, "ಕಾಳಪ್ಪನವರೇ, ಹೇಳ್ಬೇಡಿ" ಅಂದಳು.

ಮೇಷ್ಟ್ರು ಏದುಸಿರು ಬಿಡುತ್ತಾ ಬಂದರು. ಮಗಳ ಮೊಣಕಾಲು ನೋಡಿದರು. "ಏನಾಯ್ತು? ಹೇಗೆ ಬಿದ್ದೆ?"

"ನಂದೇ ತಪ್ಪು ಅಪ್ಪ. ಜೋರಾಗಿ ತಿರುಗಿಸ್ಬಿಟ್ಟೆ."

"ಷರತ್ತು ಗೊತ್ತಲ್ಲ."

"ಗೊತ್ತು. ಮಾರ್ಬಿಡು."

ನನಗೆ ಮೈಯೆಲ್ಲ ಉರಿಯಿತು. ಐದು ವರ್ಷ ಓದಿದ ಹುಡುಗಿ, ಅಪ್ಪನಿಗೆ ನೋವಾಗುತ್ತದೆಂದು ಸಿಕ್ಕ ಕೆಲಸವನ್ನು ಬೀದಿಯಲ್ಲಿ ಬಿಟ್ಟುಕೊಡುತ್ತಿದ್ದಾಳೆ. ಅವಳ ಮಾತು ಮೀರಿದೆ. "ಮೇಷ್ಟ್ರೇ, ಅವಳು ಬಿದ್ದಿದ್ದಲ್ಲ, ನೀವು ಬೀಳಿಸಿದ್ದು. ಟೈರ್‌ಗೆ ಎಣ್ಣೆ ಯಾರ್ರೀ ಹಚ್ಚಿದ್ದು?"

"ನಾನೇ," ಅಂದರು. "ನೀನೇ ಹೇಳಿದ್ಯಲ್ಲ, ಟೈರ್ ನೋಡ್ಕೊಳ್ಳಿ ಅಂತ. ರಬ್ಬರು ಒಣಗಿದ್ರೆ ಬಿರುಕು ಬಿಡತ್ತೆ, ಅದಕ್ಕೆ..."

ಮೇಷ್ಟ್ರು ಟೈರಿನ ಮೇಲೆ ಬೆರಳೆಳೆದು, ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿಕೊಂಡರು. ಘರ್ಷಣೆಯ ಪಾಠವನ್ನು ಎಷ್ಟು ಸಾವಿರ ಮಕ್ಕಳಿಗೆ ಹೇಳಿಕೊಟ್ಟಿದ್ದರೋ. ಮಗಳ ಕಡೆ ತಿರುಗಿ, "ನಿನಗೆ ಗೊತ್ತಿತ್ತಾ?" ಅಂದರು.

"ಬಿದ್ದ ಮೇಲೆ ಗೊತ್ತಾಯ್ತು."

"ಮತ್ತೆ ಯಾಕಮ್ಮ ಸುಳ್ಳು ಹೇಳ್ದೆ?"

"ಗೊತ್ತಾದ್ರೆ ನೀನು ಊಟ ಬಿಡ್ತೀಯ ಅಪ್ಪ. ನಿದ್ದೇನೂ ಮಾಡಲ್ಲ."

ಮೇಷ್ಟ್ರು ತಾವೇ ಹ್ಯಾಂಡಲ್ ಹಿಡಿದು ಗಾಡಿಯನ್ನು ಮನೆಯವರೆಗೆ ತಳ್ಳಿದರು. ತುಳಸಮ್ಮನ ಹತ್ತಿರ ಸೋಪಿನ ಪುಡಿ, ತೆಂಗಿನ ನಾರು ಕೇಳಿ ಇಸಿದುಕೊಂಡು, ಹೊಸ ಪಂಚೆಯಲ್ಲೇ ಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಟೈರು ಉಜ್ಜತೊಡಗಿದರು. ಕಣ್ಣೀರು ಸುರಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ. ನೊರೆ ನೀರೆಲ್ಲ ಬ್ರೇಕಿನ ಡ್ರಮ್ಮಿನೊಳಕ್ಕೆ ಇಳಿಯುತ್ತಿತ್ತು. ಹಾಗೆ ತೊಳೆಯಬಾರದು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಸುಮ್ಮನೆ ನಿಂತೆ.

"ಸೋಮವಾರ ಎಷ್ಟು ಗಂಟೆಗೆ ಹೊರಡ್ಬೇಕು?" ತಲೆಯೆತ್ತದೆ ಮಗಳನ್ನು ಕೇಳಿದರು.