ವಾಸನೆ ಬರ್ತಿಲ್ಲ

ನಮ್ಮ ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ಮೂಗುಮಾವ. ಆಯುಷ್ಯವೆಲ್ಲ ಊರಿನ ನೀರಿನ ವಾಲ್ವ್ ತಿರುಗಿಸಿದ ಮನುಷ್ಯ. ನಲ್ಲಿ ನೀರಿಗೆ ಎಲ್ಲಾದರೂ ಚರಂಡಿ ಸೇರಿದ್ದರೆ ಉಳಿದವರಿಗಿಂತ ಮೊದಲು ಇವರ ಮೂಗಿಗೆ ಗೊತ್ತಾಗುತ್ತಿತ್ತು. ನಿವೃತ್ತಿಯಾದ ಮೇಲೂ ಅಷ್ಟೇ. ಬೆಳಗ್ಗೆ ನೀರು ಬಿಟ್ಟ ಕೂಡಲೇ ಯಾರಾದರೊಬ್ಬರು ಲೋಟ ಹಿಡಿದು ನಮ್ಮ ಬಾಗಿಲಿಗೆ ಬರುವುದು, ಇವರು ಮೂಸಿ "ಕುಡೀರಿ" ಅನ್ನುವುದು, ಆಮೇಲೇ ಬೀದಿಯವರು ಬಿಂದಿಗೆ ತುಂಬುವುದು. ಆ ಗತ್ತು ನೋಡಬೇಕಿತ್ತು! ಮನೆಯಲ್ಲಿ ತಾವು ಕುಡಿದ ಲೋಟ ಎತ್ತಿಡದವರು ಬೀದಿಯ ಲೋಟಕ್ಕೆ ಎರಡೂ ಕೈ ಚಾಚುತ್ತಿದ್ದರು.

ಮೊನ್ನೆ ಹಾಲು ಒಲೆಗಿಟ್ಟು ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದೆ. ಇಳಿದು ಬಂದರೆ ಪಾತ್ರೆ ಕರಿಕಲು, ಮನೆಯೆಲ್ಲ ಸೀದ ನಾತ. ಈ ಮಹಾನುಭಾವರು ಅಡುಗೆಮನೆಗೆ ಬೆನ್ನು ಹಾಕಿ ಪೇಪರ್ ಓದುತ್ತಿದ್ದಾರೆ.

"ಏನ್ರೀ, ಮೂಗಿಗೆ ಬೀಗ ಹಾಕಿದೀರಾ?" ಅಂತ ರೇಗಿದೆ.

ಅವರು ಪೇಪರ್ ಮಡಚಿಟ್ಟರು. "ಜ್ವರ ಬಂದು ಹೋಯ್ತಲ್ಲ, ಅವತ್ತಿನಿಂದ ಏನೂ ಗೊತ್ತಾಗ್ತಿಲ್ಲ ಕಣೇ."

"ಮತ್ತೆ ದಿನಾ ಮೂಸೋದು?"

"ನೀರು ನೋಡೋಕೆ ತಿಳಿಯಾಗೇ ಇರ್ತಿತ್ತು..."

ಎದುರುಮನೆ ಟೈಲರಮ್ಮ ಮಗುವಿಗೆ ಈಗಷ್ಟೇ ಎದೆಹಾಲು ಬಿಡಿಸಿದ್ದಾಳೆ. ನೀರು ಕಾಯಿಸಿ ಕುಡಿಸೇ ಅಂದರೆ, "ಮಾವ ಇದಾರಲ್ಲ ಅತ್ತೆ" ಅನ್ನುವವಳು.

"ನಾಳೆ ಬಾಯಿ ಬಿಟ್ಟು ಹೇಳ್ತೀರೋ, ನಾನೇ ಹೇಳ್ಲೋ?" ಅಂದೆ.

"ನಾನೇ ಹೇಳ್ತೀನಿ ಬಿಡು. ಮಾನ ಕಳೀಬೇಡ."

ಬೆಳಗ್ಗೆ ಲೋಟ ತಂದವಳು ಟೈಲರಮ್ಮನೇ, ಮಗು ಸೊಂಟದ ಮೇಲೆ. ನಾನು ಬಾಗಿಲ ಹಿಂದೆ ಕಿವಿಗೊಟ್ಟು ನಿಂತೆ. ಇವರು ಮೂಸಿದರು, ತಲೆ ತಗ್ಗಿಸಿದರು.

"ವಾಸನೆ ಬರ್ತಿಲ್ಲಮ್ಮ."

ಅಬ್ಬಾ, ಅಂತೂ ಹೇಳಿದರಲ್ಲ ಅಂತ ನನಗೆ ಹೋದ ಜೀವ ಬಂದಂತಾಯಿತು. ಒಳಗೆ ಹೋಗಿ ನೆನೆಸಿಟ್ಟ ಬಟ್ಟೆಗೆ ಕೈ ಹಾಕಿದೆ.

ಹಾಳಾದ ಮಾತು! ಅವಳು ನೀರಿನಲ್ಲಿ ವಾಸನೆ ಇಲ್ಲ ಅಂದುಕೊಂಡು ಬೀದಿಗೆಲ್ಲ ಕೂಗಿ ಹೇಳಿದಳಂತೆ. ಸಂಜೆ ಹೊತ್ತಿಗೆ ಮುಚ್ಚಿಟ್ಟ ಬಿಂದಿಗೆ ತೆಗೆದರೆ ನನ್ನ ಮೂಗಿಗೂ ಚರಂಡಿ ನಾತ ಬಡಿಯಿತು. ಓಡಿಹೋಗಿ ಟೈಲರಮ್ಮನಿಗೆ ನೀರು ಕೆಟ್ಟಿದೆ ಅಂದೆ, ಅಷ್ಟರಲ್ಲಿ ಮಗು ಕುಡಿದಾಗಿತ್ತು. ಮಾರನೇ ದಿನ ವಾಂತಿಭೇದಿ ಶುರುವಾಗಿ ಆಸ್ಪತ್ರೆಗೆ ಸೇರಿಸಿದರು.

"ಹೇಳ್ತೀನಿ ಅಂದಿದ್ರಲ್ರೀ!" ಅಂತ ಕೂಗಾಡಿದೆ.

"ಹೇಳಿದೆನಲ್ಲೇ, ವಾಸನೆ ಬರ್ತಿಲ್ಲ ಅಂತ."

"ಯಾವುದಕ್ಕೆ? ನೀರಿಗೋ, ನಿಮ್ಮ ಮೂಗಿಗೋ?"

"ಅವಳು ನಗ್ತಾ ಹೋದಳು. ತಪ್ಪು ತಿಳ್ಕೊಂಡಳು ಅಂತ ಆಗಲೇ ಗೊತ್ತಾಯ್ತು" ಅಂದರು. ನನಗೆ ಅವರ ಮುಖ ನೋಡಲೂ ಮನಸ್ಸಾಗಲಿಲ್ಲ. ಆದರೂ ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಮಗುವಿನ ಪುಟ್ಟ ಕೈಗೆ ಗ್ಲೂಕೋಸ್ ಸೂಜಿ ಚುಚ್ಚಿದ್ದರು, ಕಣ್ಣು ಗುಳಿ ಬಿದ್ದಿತ್ತು. ನಮ್ಮನ್ನು ನೋಡಿದ್ದೇ ಟೈಲರಮ್ಮ ವಾರ್ಡಿನ ನಲ್ಲಿಯಿಂದ ಲೋಟ ತುಂಬಿ ತಂದಳು.

"ಬಂದ್ರಾ ಮಾವ? ಅವತ್ತು ನೀವು ಮೂಸಿದ ಮೇಲೆ ನೀರು ಕೆಟ್ಟಿರಬೇಕು. ಇದೊಂಚೂರು ಮೂಸಿ ಹೇಳಿ. ಮಗು ನೀರು ಕೇಳ್ತಿದೆ."

ಇವರು ಲೋಟ ಮೂಗಿನವರೆಗೆ ತಂದು ಕೆಳಗಿಳಿಸಿದರು. "ನನ್ನ ಮೂಗು ಸತ್ತಿದೆ ತಾಯಿ. ಜ್ವರ ಬಂದಾಗಿನಿಂದ."

ಅವಳು ಮಗುವನ್ನು ನೋಡಿದಳು, ಇವರನ್ನು ನೋಡಿದಳು. ಲೋಟ ವಾಪಸ್ ತೆಗೆದುಕೊಂಡಳು.

"ಅವತ್ತು ನಾನು ನಗ್ತಾ ಹೋದೆನಲ್ಲ ಮಾವ," ಅಂದಳು. "ಒಂದು ಸಲ ಕರೀಬಾರದಿತ್ತಾ?"