ಜಗಳವಾಡಿ ಪಡೆದ ಲಸಿಕೆ

ಅಂಗಿ ಹೊಲಿಯುವ ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಹೊಲಿದ ಅಂಗಿ ಅವಳ ಮೇಜಿಗೆ ಬಂದು ಬೀಳಬೇಕು, ಅವಳು ಹಬೆಯ ಇಸ್ತ್ರಿಪೆಟ್ಟಿಗೆ ಎಳೆದು ಮಡಿಕೆ ಕೂರಿಸಬೇಕು, ಆಮೇಲೇ ಅದು ಲಾರಿ ಹತ್ತುವುದು. ಮೊಣಕೈವರೆಗೂ ಸುಟ್ಟ ಕಲೆ. ಬಾಯಿ ಇಸ್ತ್ರಿಗಿಂತ ಬಿಸಿ. ನಮ್ಮ ಕಾರ್ಮಿಕ ಸಂಘದ ಮೊದಲ ಮುಷ್ಕರದಲ್ಲಿ ಗೇಟಿಗೆ ಅಡ್ಡ ಕೂತವಳು ಅವಳೇ.

ಸಂಘಕ್ಕೆ ಒಂದು ಕಟ್ಟುಪಾಡು ತಂದವಳೂ ಅವಳೇ: ಮಾಲೀಕ ತಾನಾಗಿ ಕೊಟ್ಟದ್ದನ್ನು ಯಾರೂ ಮುಟ್ಟುವಂತಿಲ್ಲ. ಹಿಂದೊಮ್ಮೆ ಪುಕ್ಕಟೆ ಚಹಾ ಬಂತು, ಚಪ್ಪರಿಸಿ ಕುಡಿದೆವು. ಬೆನ್ನಿಗೇ ಊಟದ ಬಿಡುವು ಅರ್ಧಕ್ಕಿಳಿಯಿತು. ಅಂದಿನಿಂದ ಕೊಡೆ, ಚೀಲ, ಮಿಠಾಯಿ, ಏನೇ ಬರಲಿ, ಬಂದ ದಾರಿಯಲ್ಲೇ ವಾಪಸ್. ಆ ಹಟದ ಬಗ್ಗೆ ನಮಗೆ ಹೆಮ್ಮೆಯಿತ್ತು, ಈಗಲೂ ಇದೆ.

ಹಾಗಿರುವಾಗ ಉಸಿರು ಕಟ್ಟಿಸುವ ಜ್ವರವೊಂದು ಊರೆಲ್ಲ ಹಬ್ಬಿತು. ಕಾರ್ಖಾನೆಯವರಿಗೆ ಕಾರ್ಖಾನೆಯಲ್ಲೇ ಲಸಿಕೆ ಎಂದು ಸರಕಾರ ಹೇಳಿತು. ಮ್ಯಾನೇಜರ್ ಮೈಕಿನಲ್ಲಿ ಕೂಗಿದ: ಇದು ಮಾಲೀಕರ ಕೊಡುಗೆ, ಮಾಲೀಕರ ಡಾಕ್ಟರೇ ಆಫೀಸಿನಲ್ಲಿ ಚುಚ್ಚುತ್ತಾರೆ. ಒಬ್ಬರೂ ಕೂತಲ್ಲಿಂದ ಏಳಲಿಲ್ಲ.

ಕಾಲರ್ ಹೊಲಿಯುವ ಸಾಲಿನಲ್ಲಿ ಅಕ್ಕನ ಒಡಹುಟ್ಟಿದ ತಂಗಿಯಿದ್ದಳು. ವರ್ಷಗಟ್ಟಲೆ ಬಟ್ಟೆಯ ಧೂಳು ಕುಡಿದು ಅವಳ ಎದೆ ಹಾಳಾಗಿತ್ತು. ಈ ಜ್ವರ ತಗುಲಿದರೆ ಉಳಿಯುವುದು ಕಷ್ಟ ಎಂದು ಆಸ್ಪತ್ರೆಯವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಊಟದ ಕೋಣೆಯಲ್ಲಿ ಅಕ್ಕ ಮಾತು ತೆಗೆದಳು.

"ನೀನು ಚುಚ್ಚಿಸ್ಕೊಳ್ಳೇ."

"ಯಾಕೆ? ಮುಟ್ಟಬಾರದು ಅಂತ ಬಾಯಿಪಾಠ ಮಾಡಿಸಿದ್ದು ನೀನೇ ತಾನೇ? ಈಗ ಮಾಲೀಕನ ಮೇಲೆ ಪ್ರೀತಿ ಉಕ್ತಾ?"

"ಇದು ಚಹಾ ಅಲ್ಲ ಕಣೇ."

"ಅಲ್ಲ. ಚಹಾ ಹೊಟ್ಟೆಗೆ ಹೋಯ್ತು, ಇದು ರಕ್ತಕ್ಕೇ ಹೋಗುತ್ತೆ."

ಸುತ್ತ ಇದ್ದವರು ನಕ್ಕರು. ಗುಂಡಿ ಹಾಕುವವಳು ಅತ್ತೆಯನ್ನು ಕೇಳಬೇಕು ಎಂದಳು. ಪರದೇಶದಿಂದ ಬಂದಿದ್ದ ಕತ್ತರಿ ಕೆಲಸದವನು, ತಮ್ಮ ಕಡೆ ಹಿರಿಯರು ಮೊದಲು ತೋಳು ಒಡ್ಡದೆ ಕಿರಿಯರು ಒಡ್ಡುವುದಿಲ್ಲ ಎಂದ. "ಜ್ವರ ಬಂದು ಸತ್ರೆ ಹಣೆಬರಹ ಅಂತಾರೆ. ನಾನಾಗೇ ಹೋಗಿ ಚುಚ್ಚಿಸ್ಕೊಂಡು ಏನಾದ್ರೂ ಆದ್ರೆ ನನ್ನೇ ಬೈತಾರೆ," ಎಂದಳು ಇನ್ನೊಬ್ಬಳು. ಇವರಲ್ಲಿ ಯಾರೂ ದಡ್ಡರಲ್ಲ. ಹೆದರಿಕೆಯಾದಾಗ ಒರಗಲು ಒಂದು ಗೋಡೆ ಬೇಕಾಗುತ್ತದೆ. ತಂಗಿ ಒರಗಿದ್ದು ಅಕ್ಕನೇ ಕಟ್ಟಿದ ಗೋಡೆಗೆ, ಅಷ್ಟೇ.

ಬೇರೆಯವರಾಗಿದ್ದರೆ ಇದೊಂದು ಸಲ ಕಟ್ಟುಪಾಡು ಮುರಿಯಿರಿ ಎಂದು ಗೋಗರೆಯುತ್ತಿದ್ದರು. ಅಕ್ಕ ನಮ್ಮ ನಾಲ್ಕಾರು ಜನರನ್ನು ಎಬ್ಬಿಸಿಕೊಂಡು ನೇರ ಮ್ಯಾನೇಜರ್ ಕೋಣೆಗೆ ನುಗ್ಗಿದಳು.

"ಮಾಲೀಕರ ಕೊಡುಗೆ ಬೇಡ. ಲಸಿಕೆ ನಮ್ಮ ಬೇಡಿಕೆ."

"ಏನಮ್ಮ ವ್ಯತ್ಯಾಸ? ಔಷಧಿ ಅದೇ ತಾನೇ?"

"ಅವರಾಗಿ ಕೊಟ್ರೆ ಅವರದು, ನಾವು ಕೇಳಿ ಪಡೆದ್ರೆ ನಮ್ಮದು. ಸರಕಾರಿ ಆಸ್ಪತ್ರೆ ನರ್ಸ್ ಬರಬೇಕು. ನಮ್ಮ ಊಟದ ಕೋಣೇಲಿ ಹಾಕಬೇಕು. ಮಾರನೇ ದಿನ ಸಂಬಳದ ರಜೆ. ಬೇಡ ಅಂದವರನ್ನ ಯಾಕೆ ಅಂತ ನೀವು ಕೇಳೋ ಹಾಗಿಲ್ಲ."

"ಪುಕ್ಕಟೆ ಕೊಟ್ರೆ ಒದ್ದು, ಈಗ ಜಗಳ ಆಡಿ ಕೇಳ್ತೀರಾ? ತಲೆ ನೆಟ್ಟಗಿದೆಯಾ? ರಜೆ ಗಿಜೆ ಇಲ್ಲ, ನಡೀರಿ."

ಅಕ್ಕ ವಾಪಸ್ ಬಂದು ಹಬೆ ನಿಲ್ಲಿಸಿದಳು. ಅವಳನ್ನು ನೋಡಿ ಇಸ್ತ್ರಿ ಸಾಲು ಇಡೀ ತಣ್ಣಗಾಯಿತು. ಸುಕ್ಕು ಅಂಗಿಗಳು ಸೊಂಟದೆತ್ತರ ಬಿದ್ದವು. ಹೊರಗೆ ಲಾರಿಯವನು ಹಾರ್ನ್ ಬಡಿದೂ ಬಡಿದೂ ಸುಸ್ತಾದ. ಸಂಜೆಯೊಳಗೆ ಮ್ಯಾನೇಜರ್ ಹಲ್ಲು ಕಚ್ಚಿಕೊಂಡು ಎಲ್ಲಕ್ಕೂ ಒಪ್ಪಿದ.

ನರ್ಸ್ ಬಂದ ದಿನ ಊಟದ ಬೆಂಚುಗಳನ್ನು ನಾವೇ ಗೋಡೆಗೆ ಸರಿಸಿದೆವು. ಕತ್ತರಿಯವನು, ಗುಂಡಿಯವಳು, ಎಲ್ಲರೂ ಇಣುಕುತ್ತಿದ್ದರು. ಅಕ್ಕ ತಂಗಿಯನ್ನು ಕರೆಯಲೂ ಇಲ್ಲ, ಕಣ್ಣೆತ್ತಿ ನೋಡಲೂ ಇಲ್ಲ. ತೋಳಿನ ಬಟ್ಟೆ ಮೇಲೆ ಸರಿಸಿ ಮುಂದೆ ಹೋದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವಳನ್ನು ಪಕ್ಕಕ್ಕೆ ತಳ್ಳಿ ಕುರ್ಚಿಯಲ್ಲಿ ಕೂತರು. ತಂಗಿ.

"ಏಯ್, ಸರದಿ ನಂದು ಕಣೇ!"

"ಮುಷ್ಕರ ಎಲ್ಲರದು, ಸರದಿ ಮಾತ್ರ ನಿಂದಾ? ಸುಮ್ನಿರು." ನರ್ಸ್ ಕಡೆ ತಿರುಗಿ, "ನೋವಾದ್ರೆ ನಿಮ್ಮ ವಿರುದ್ಧಾನೂ ಕೂತ್ಕೋತೀವಿ, ಹೇಳಿದೀನಿ," ಎಂದಳು.

ಬಾಯಿ ಜೋರಿತ್ತು. ಸೂಜಿ ಇಳಿಯುವಾಗ ಮಾತ್ರ ಕಣ್ಣು ಮುಚ್ಚಿ ಅಕ್ಕನ ಬೆರಳು ಹಿಡಿದುಕೊಂಡಳು.

ಮಾರನೇ ದಿನ ಸಂಬಳದ ರಜೆಯಲ್ಲಿ ಮಲಗಿ, ತೋಳು ನೋಯುತ್ತದೆ ಎಂದು ಅಕ್ಕನಿಗೆ ದಿನವಿಡೀ ಬೈದಳಂತೆ. ಮುಂದಿನ ಸಂಘದ ಸಭೆಯಲ್ಲಿ ಅಕ್ಕ ಆ ಬೈಗುಳಗಳನ್ನು ಒಂದೂ ಬಿಡದೆ ಹೇಳಿದಳು, ಪದಕ ಗೆದ್ದವಳ ಹಾಗೆ.